ಓದುಗರ ಪ್ರಶ್ನೆಗೆ ಉತ್ತರ: ತಾನಾಗಿ ಬಿದ್ದವನನ್ನು ಕಂಡರೆ ನಗುವೇಕೆ?

ಪ್ರಶ್ನೆ: ನಮ್ಮ ಊರಿನ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಈ ಬಾರಿ ಒಂದು ಪ್ರಸಂಗ ನಡೆಯಿತು. ಹಿಂದಿನ ವರ್ಷ ಓಟದಲ್ಲಿ ಬಹುಮಾನ ಗೆದ್ದಿದ್ದ ಯುವಕನೊಬ್ಬ, ಕೆಸರಿನಲ್ಲಿ ಹೆಜ್ಜೆ ಹೇಗೆ ಇಡಬೇಕೆಂದು ಚಿಕ್ಕ ಹುಡುಗರಿಗೆ ಮೈಕಿನಲ್ಲಿ ವಿವರವಾಗಿ ಹೇಳಿ, ಮೈಕನ್ನು ಪಕ್ಕದವರಿಗೆ ಕೊಟ್ಟು, ಗದ್ದೆಗೆ ಇಳಿಯುವ ಮೊದಲೇ ಬದುವಿನ ಮೇಲೆ ಜಾರಿ ಮೊಗಚಿ ಬಿದ್ದ. ಎದ್ದವನು ‘ಹೀಗೆ ಇಡಬಾರದು ಅಂತ ತೋರಿಸಿದ್ದು’ ಎಂದ. ಸೇರಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು; ನಾನೂ ನಕ್ಕೆ. ಅದೇ ದಿನ ಹಗ್ಗಜಗ್ಗಾಟದ ವೇಳೆ ಹಿಂದಿನಿಂದ ಯಾರೋ ತಳ್ಳಿದ್ದರಿಂದ ಬಿದ್ದ ಹೆಂಗಸೊಬ್ಬರನ್ನು ಕಂಡು ಯಾರೂ ನಗಲಿಲ್ಲ, ತಳ್ಳಿದವನಿಗೆ ಎಲ್ಲರೂ ಬೈದರು. ಇಬ್ಬರೂ ಬಿದ್ದದ್ದು ಒಂದೇ ಕೆಸರಿಗೆ. ಮೂಕಿ ಚಿತ್ರಗಳ ಕಾಲದಿಂದಲೂ ಹಾಸ್ಯನಟರು ತಮ್ಮ ಕೈಯಾರೆ ತಾವೇ ಪೆಟ್ಟು ಮಾಡಿಕೊಂಡು ನಗಿಸುತ್ತ ಬಂದಿದ್ದಾರಲ್ಲ, ಇದರ ಒಳಗುಟ್ಟೇನು?
(ನಿವೃತ್ತ ಶಿಕ್ಷಕಿ, ನಾಪೋಕ್ಲು)

ಉತ್ತರ: ತಮ್ಮ ಪತ್ರದಲ್ಲಿಯೇ ಅರ್ಧ ಉತ್ತರ ಅಡಗಿದೆ. ಆ ಹೆಂಗಸು ಬಿದ್ದಾಗ ನೋಡುಗರ ಮನಸ್ಸು ಒಮ್ಮೆಗೇ ಎರಡು ಕಡೆ ಓಡಿತು: ಬಿದ್ದವರ ಮೇಲೆ ಕನಿಕರ, ತಳ್ಳಿದವನ ಮೇಲೆ ಸಿಟ್ಟು. ಇವೆರಡರಲ್ಲಿ ಯಾವುದೊಂದು ತಲೆಯೆತ್ತಿದರೂ ನಗುವಿಗೆ ಎಡೆ ಉಳಿಯುವುದಿಲ್ಲ. ಯುವಕ ಬಿದ್ದಾಗಲಾದರೋ ತಪ್ಪು ಮಾಡಿದವನೂ ಅದರ ಫಲ ಉಂಡವನೂ ಒಬ್ಬನೇ. ಸಿಟ್ಟಾಗೋಣವೆಂದರೆ ಅವನಿಗೆ ಆಗಬೇಕಾದ ಶಾಸ್ತಿ ಆಗಲೇ ಆಗಿಹೋಗಿದೆ. ಅಯ್ಯೋ ಎನ್ನೋಣವೆಂದರೆ ಅದನ್ನು ಬರಮಾಡಿಕೊಂಡವನು ಅವನೇ. ನ್ಯಾಯ ಹೇಳುವ ಹೊಣೆಯೂ ಸಂತೈಸುವ ಹೊಣೆಯೂ ನೋಡುಗರ ಹೆಗಲಿನಿಂದ ಒಟ್ಟಿಗೆ ಇಳಿದುಬಿಡುತ್ತವೆ. ‘ಇರಲಾರದೆ ಇರುವೆ ಬಿಟ್ಟುಕೊಂಡ’ ಎಂಬ ಮಾತನ್ನು ನಮ್ಮಲ್ಲಿ ಯಾರೂ ಅಳುಮೋರೆ ಹಾಕಿಕೊಂಡು ಆಡುವುದಿಲ್ಲ ಎಂಬುದನ್ನು ಗಮನಿಸಬಹುದು. ತನ್ನಿಂದ ತನಗೇ ಆದ ಅನಾಹುತ ನಗೆಗೆ ಇಷ್ಟು ಸಲೀಸಾಗಿ ಒದಗಿಬರುವುದಕ್ಕೆ ನಾನು ಕೊಡುವ ಮೊದಲ ಕಾರಣ ಇದು.

ಆದರೆ ಇದೊಂದೇ ಸಾಲದು. ಆ ಯುವಕನ ಕಾಲೇನಾದರೂ ಮುರಿದಿದ್ದರೆ, ತಪ್ಪು ಅವನದೇ ಆಗಿದ್ದರೂ, ನಕ್ಕವರ ಬಾಯಿ ಅರ್ಧಕ್ಕೇ ಮುಚ್ಚಿಹೋಗುತ್ತಿತ್ತು. ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ ನಗೆಗೆ ವಸ್ತುವಾಗುವುದು ಒಂದು ಬಗೆಯ ಕುಂದು, ಆದರೆ ನೋವನ್ನೂ ನಾಶವನ್ನೂ ಉಂಟುಮಾಡದ ಕುಂದು ಎಂದಿದ್ದಾನೆ. ಹಾಸ್ಯದ ಮುಖವಾಡ ಸೊಟ್ಟಗಿರುತ್ತದೆ, ಆದರೆ ಅದರಲ್ಲಿ ವೇದನೆ ಇರುವುದಿಲ್ಲ ಎಂಬುದು ಅವನು ಕೊಡುವ ನಿದರ್ಶನ. ಮೊಣಕಾಲುದ್ದದ ಕೆಸರು ಬಿದ್ದವನನ್ನು ಮೆತ್ತಗೆ ಹಿಡಿದುಕೊಳ್ಳುತ್ತದೆ ಎಂಬುದು ಗದ್ದೆಯ ಸುತ್ತ ನಿಂತವರಿಗೆಲ್ಲ ಮೊದಲೇ ಗೊತ್ತು. ನಾಟಿ ಮುಗಿದ ಮೇಲೆ ದೊಡ್ಡ ಗದ್ದೆಯಲ್ಲಿ ನಾಟಿ ಓಟ ಓಡುವುದು ಕೊಡಗಿನಲ್ಲಿ ಹಿಂದಿನಿಂದ ಬಂದ ರೂಢಿ. ಈಗ ಕಗ್ಗೋಡ್ಲಿನಂಥ ಕಡೆ ಅದೇ ಒಂದು ಕ್ರೀಡಾಕೂಟವಾಗಿ ಬೆಳೆದಿದೆ. ಬೀಳುವುದೇ ಅಲ್ಲಿನ ಅರ್ಧ ಆಟ. ಅದೇ ಯುವಕ ಡಾಂಬರು ರಸ್ತೆಯಲ್ಲಿ ಹಾಗೆಯೇ ಮೊಗಚಿ ಬಿದ್ದಿದ್ದರೆ ತಾವು ನಗುವ ಮೊದಲು ಓಡಿಹೋಗಿ ಎತ್ತುತ್ತಿದ್ದಿರಿ.

ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1998ರಲ್ಲಿ ಮುಂದಿಟ್ಟ ವಿವರಣೆಯೊಂದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಅವರ ಪ್ರಕಾರ ನಗು ಹುಟ್ಟಿದ್ದೇ ಸುತ್ತಲಿನವರಿಗೆ ‘ಗಾಬರಿ ಬೇಡ, ಏನೂ ಆಗಿಲ್ಲ’ ಎಂದು ತಿಳಿಸುವ ಸದ್ದಾಗಿ. ಯಾರಾದರೂ ದಢಾರನೆ ಬಿದ್ದ ಕೂಡಲೇ ನೋಡಿದವರ ಮೈ ಒಂದು ಕ್ಷಣ ಬಿಗಿಯುತ್ತದೆ, ಅಪಾಯವಿಲ್ಲವೆಂದು ಕಂಡ ಕೂಡಲೇ ಆ ಬಿಗುವು ಸಡಿಲವಾಗುತ್ತದೆ, ಸಡಿಲವಾದುದನ್ನು ಗುಂಪಿಗೆಲ್ಲ ಸಾರುವುದು ನಗು. ಎಲ್ಲ ನಗುವನ್ನೂ ಈ ಒಂದೇ ಗೂಟಕ್ಕೆ ಕಟ್ಟಲಾಗದು, ಸೊಗಸಾದ ಮಾತಿನ ಚಮತ್ಕಾರಕ್ಕೆ ನಗುವಾಗ ಯಾವ ಅಪಾಯವೂ ಎದುರಿಗಿರುವುದಿಲ್ಲ. ಆದರೂ ಬಿದ್ದವನನ್ನು ಕಂಡು ಬರುವ ನಗುವಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. 2010ರಲ್ಲಿ ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರನ್ ಎಂಬ ಸಂಶೋಧಕರು ಹತ್ತಿರ ಹತ್ತಿರ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದರು: ಹೀಗೆ ಆಗಬಾರದಿತ್ತು ಎಂಬ ಭಾವವೂ ಆದರೂ ಪರವಾಗಿಲ್ಲ ಎಂಬ ಭಾವವೂ ಒಂದೇ ಗಳಿಗೆಯಲ್ಲಿ ಕೂಡಿದರೆ ನಗು ಬರುತ್ತದೆ. ಇಟಲಿಯ ಹಳೆಯ ಬೀದಿನಾಟಕದವರು ಯಾವ ಸಿದ್ಧಾಂತವೂ ಇಲ್ಲದೆ ಇದನ್ನು ಕಂಡುಕೊಂಡಿದ್ದರು. ಅವರ ವಿದೂಷಕನ ಕೈಯಲ್ಲಿ ಎರಡು ತೆಳು ಮರದ ಪಟ್ಟಿಗಳನ್ನು ಜೋಡಿಸಿದ ಕೋಲೊಂದು ಇರುತ್ತಿತ್ತು; ಅದರಿಂದ ಹೊಡೆದರೆ ಪಟ್ಟಿಗಳು ಒಂದಕ್ಕೊಂದು ಬಡಿದು ಪಟಾರನೆ ಸದ್ದಾಗುತ್ತಿತ್ತು, ಮೈಗೆ ಮಾತ್ರ ಪೆಟ್ಟು ಅಷ್ಟಾಗಿ ತಾಗುತ್ತಿರಲಿಲ್ಲ.

ಈಗ ತಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಫ್ರಾನ್ಸಿನ ತತ್ತ್ವಜ್ಞಾನಿ ಆನ್ರಿ ಬೆರ್ಗ್‌ಸನ್ 1900ರಲ್ಲಿ ನಗೆಯ ಕುರಿತು ಬರೆದ ಪುಟ್ಟ ಗ್ರಂಥದ ಮೊದಲ ಅಧ್ಯಾಯದಲ್ಲೇ ಬೀದಿಯಲ್ಲಿ ಓಡುತ್ತಿದ್ದವನು ಎಡವಿ ಬೀಳುವ ಉದಾಹರಣೆ ಬರುತ್ತದೆ. ಅವನಿಗೆ ಇದ್ದಕ್ಕಿದ್ದಂತೆ ನೆಲದ ಮೇಲೆ ಕೂರಬೇಕೆನಿಸಿ ಕೂತಿದ್ದರೆ ಯಾರೂ ನಗುತ್ತಿರಲಿಲ್ಲ. ಕೂರಲು ಬಯಸದೆ ಕೂತದ್ದರಿಂದ ನಕ್ಕರು. ಪರಿಸ್ಥಿತಿ ಬದಲಾದಾಗ ಬದಲಾಗಬೇಕಿದ್ದ ಮೈ ಹಳೆಯ ಗತಿಯಲ್ಲೇ ಯಂತ್ರದಂತೆ ಮುಂದುವರಿಯಿತು, ಜೀವಂತ ಮನುಷ್ಯನಲ್ಲಿ ಕಾಣಿಸಿಕೊಂಡ ಈ ಜಡತನವೇ ಹಾಸ್ಯದ ಮೂಲ ಎಂಬುದು ಅವನ ವಾದ. ಆಮೇಲೆ ಅವನು ಇಡುವ ಹೆಜ್ಜೆ ನಮಗೆ ಮುಖ್ಯ. ಎಡವಿಸಿದ ಕಲ್ಲಾಗಲಿ, ಕುರ್ಚಿ ಎಳೆದ ತುಂಟನಾಗಲಿ ಹೊರಗಿನ ಕಾರಣಗಳು; ಅಲ್ಲಿನ ಹಾಸ್ಯ ಆಕಸ್ಮಿಕವಾದದ್ದು, ಮೇಲುಮೇಲಿನದು. ಕಾರಣ ಮನುಷ್ಯನ ಒಳಗೇ ಇದ್ದರೆ, ಅವನ ಮರೆವೋ ಹಟವೋ ಜಂಬವೋ ಅವನನ್ನು ಬೀಳಿಸಿದರೆ, ಹಾಸ್ಯ ಆಳಕ್ಕೆ ಇಳಿಯುತ್ತದೆ. ತಮ್ಮ ಊರಿನ ಯುವಕನನ್ನು ಬೀಳಿಸಿದ್ದು ಕೆಸರಷ್ಟೇ ಅಲ್ಲ. ಕಣ್ಣು ಬದುವಿನ ಮೇಲಿರಬೇಕಾದ ಹೊತ್ತಿನಲ್ಲಿ ಅವನ ಮನಸ್ಸು ತಾನು ಆಗಷ್ಟೇ ಹೇಳಿದ ಪಾಠದ ಮೇಲಿತ್ತು. ಪಾಠ ಹೇಳದೆ ಬಿದ್ದಿದ್ದರೆ ನಗು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಎದ್ದ ಮೇಲೆ ಅವನಾಡಿದ ಮಾತು ಇನ್ನೊಂದು ಅಂಶವನ್ನು ತೋರಿಸಿಕೊಡುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥವರನ್ನು ನೋಡಿಯೇ. ಬೀಳುವುದು ಒಂದು ನಗೆಯಾದರೆ, ಬಿದ್ದದ್ದನ್ನು ಬಿದ್ದದ್ದಲ್ಲವೆಂದು ಸಾಧಿಸುವುದು ಎರಡನೆಯ ನಗೆ, ಮತ್ತು ಬಹುಮಟ್ಟಿಗೆ ಎರಡನೆಯದೇ ದೊಡ್ಡದು. ಒಳ್ಳೆಯ ಹಾಸ್ಯನಟರು ಬಿದ್ದ ಕೂಡಲೇ ಟೋಪಿ ಸರಿಮಾಡಿಕೊಳ್ಳುವುದು, ಕೋಟಿನ ಧೂಳು ಕೊಡವುವುದು, ಸುತ್ತ ಒಮ್ಮೆ ಗಂಭೀರವಾಗಿ ನೋಡುವುದು ಇದಕ್ಕಾಗಿಯೇ.

ತನ್ನ ಅನಾಹುತವನ್ನು ತಾನೇ ಕಟ್ಟಿಕೊಳ್ಳುವುದಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ಮಾದರಿ ಲಾರೆಲ್ ಮತ್ತು ಹಾರ್ಡಿ ಜೋಡಿಯ ‘ದಿ ಮ್ಯೂಸಿಕ್ ಬಾಕ್ಸ್’. 1932ರಲ್ಲಿ ಬಂದ ಈ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಸಿಕ್ಕಿತು. ಇಬ್ಬರು ಕೆಲಸದವರು ಪೆಟ್ಟಿಗೆಯಲ್ಲಿಟ್ಟ ಪಿಯಾನೊವೊಂದನ್ನು ಉದ್ದನೆಯ ಮೆಟ್ಟಿಲ ಸಾಲಿನ ತುದಿಯಲ್ಲಿರುವ ಮನೆಗೆ ಮುಟ್ಟಿಸಬೇಕು. ಪೆಟ್ಟಿಗೆ ಮತ್ತೆ ಮತ್ತೆ ಕೈತಪ್ಪಿ ಕೆಳಗುರುಳುತ್ತದೆ, ಮತ್ತೆ ಮತ್ತೆ ಅದನ್ನು ಮೇಲಕ್ಕೆ ಏರಿಸುತ್ತಾರೆ. ಕೊನೆಗೂ ಏರಿಸಿ ಏದುಸಿರು ಬಿಡುತ್ತಿರುವಾಗ ಅಂಚೆಯವನೊಬ್ಬ ಬಂದು, ಈ ಮನೆಯವರೆಗೂ ಗಾಡಿ ಬರುವ ರಸ್ತೆ ಇದೆಯಲ್ಲ ಎನ್ನುತ್ತಾನೆ. ಆಗ ಅವರು ಮಾಡುವುದೇನು? ಪಿಯಾನೊವನ್ನು ಮೆಟ್ಟಿಲುಗಳ ಮೇಲಿನಿಂದ ಪುನಃ ಕೆಳಕ್ಕೆ ಹೊತ್ತು ತಂದು, ಗಾಡಿಗೆ ಏರಿಸಿ, ರಸ್ತೆಯ ಮೂಲಕ ಅದೇ ಮನೆಗೆ ತರುತ್ತಾರೆ. ಮಡಿಕೇರಿಯ ಏರುಗಳಲ್ಲಿ ಸಾಮಾನು ಹೊತ್ತವರಿಗೆ ಇದರ ರುಚಿ ಇನ್ನೂ ಚೆನ್ನಾಗಿ ಹತ್ತೀತು. ಪಿಯಾನೊ ಉರುಳಿದ್ದಕ್ಕೆ ಭೂಮಿಯ ಸೆಳೆತ ಕಾರಣವೆನ್ನಬಹುದು. ಅದನ್ನು ಕೆಳಗಿಳಿಸಿದ್ದಕ್ಕೆ ಆ ಇಬ್ಬರನ್ನು ಬಿಟ್ಟರೆ ಬೇರಾರೂ ಕಾರಣರಲ್ಲ. ಅವರು ಪೆದ್ದರೆಂದು ಹೇಳಿ ಮುಗಿಸುವಂತೆಯೂ ಇಲ್ಲ. ಸರಿಯಾದ ದಾರಿ ತಿಳಿದ ಮೇಲೆ ಸರಿಯಾದ ದಾರಿಯಲ್ಲೇ ಹೋಗಬೇಕೆಂಬ ಅವರ ನಿಷ್ಠೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನೇ ಮರೆಸಿಬಿಟ್ಟಿತು. ನಾವು ನಗುವುದು ಆ ನಿಷ್ಠೆಗೆ.

ಪ್ರಶ್ನೆ: ಬಿದ್ದವರನ್ನು ಕಂಡು ನಗುವುದು ಕ್ರೌರ್ಯವಲ್ಲವೇ? ತನ್ನ ತಪ್ಪಿನಿಂದಲೇ ಬಿದ್ದರೂ ಬಿದ್ದವನಿಗೆ ಅವಮಾನ ಅವಮಾನವೇ ತಾನೆ?
(ಪದವಿ ವಿದ್ಯಾರ್ಥಿ, ಮಡಿಕೇರಿ)

ಉತ್ತರ: ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ನಿಮ್ಮ ಪಕ್ಷದವನು. 1651ರಲ್ಲಿ ಪ್ರಕಟವಾದ ‘ಲೆವಯಥನ್’ ಗ್ರಂಥದಲ್ಲಿ ಅವನು, ಇನ್ನೊಬ್ಬರ ಕುಂದನ್ನು ಕಂಡು ತನ್ನನ್ನು ತಾನೇ ಮೆಚ್ಚಿಕೊಂಡಾಗ ಉಕ್ಕುವ ದಿಢೀರ್ ಹೆಮ್ಮೆಯೇ ನಗು ಎಂದನು. ತಮ್ಮಲ್ಲಿ ಹೆಚ್ಚಿನ ಸಾಮರ್ಥ್ಯವಿಲ್ಲವೆಂದು ಒಳಗೊಳಗೇ ತಿಳಿದವರೇ ಹಾಗೆ ಹೆಚ್ಚಾಗಿ ನಗುತ್ತಾರೆ ಎಂದೂ ಸೇರಿಸಿದನು. ಇದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯೊಂದರ ಮುಂಗೋಡೆ ಇಡಿಯಾಗಿ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಕುಸಿಯುತ್ತದೆ, ಅವನು ನಿಂತ ಜಾಗಕ್ಕೆ ಸರಿಯಾಗಿ ತೆರೆದ ಕಿಟಕಿ ಬರುವುದರಿಂದ ಕೂದಲೂ ಕೊಂಕದೆ ಉಳಿಯುತ್ತಾನೆ. ಆ ಕೌಶಲದೆದುರು ನಾವು ಮೇಲೆ ಎಂದು ಯಾರಿಗೂ ಅನಿಸುವುದಿಲ್ಲ, ಆದರೂ ನಗುತ್ತೇವೆ.

ಅವಮಾನದ ಮಾತಿಗೆ ನಮ್ಮ ಮಹಾಭಾರತಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಭಾಪರ್ವದಲ್ಲಿ ದುರ್ಯೋಧನನು ಮಯನು ಕಟ್ಟಿದ ಸಭೆಯನ್ನು ನೋಡುತ್ತ ಬರುತ್ತಾನೆ. ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಬಟ್ಟೆ ಎತ್ತಿಕೊಳ್ಳುತ್ತಾನೆ. ಮುಂದೆ ನಿಜವಾದ ನೀರನ್ನು ನೆಲವೆಂದು ತಿಳಿದು ಉಟ್ಟ ಬಟ್ಟೆಯಲ್ಲೇ ಕೊಳಕ್ಕೆ ಬೀಳುತ್ತಾನೆ. ಬಾಗಿಲೆಂದು ನುಗ್ಗಿ ಹಣೆ ಬಡಿಸಿಕೊಳ್ಳುತ್ತಾನೆ. ಮೊದಲು ಅನವಶ್ಯಕ ಎಚ್ಚರಿಕೆ, ಆ ಎಚ್ಚರಿಕೆ ಸುಳ್ಳಾದದ್ದರಿಂದ ಬಂದ ಧೈರ್ಯ, ಆ ಧೈರ್ಯದಿಂದ ಬೀಳುವುದು: ಮೂಕಿ ಚಿತ್ರದ ನಿರ್ದೇಶಕನೂ ಇದಕ್ಕಿಂತ ಕಟ್ಟುನಿಟ್ಟಾಗಿ ಇದನ್ನು ಜೋಡಿಸಲಾರ. ವ್ಯಾಸಭಾರತ ಈ ಸಂಗತಿಯನ್ನು ನಿರೂಪಿಸುವಾಗ ನಕ್ಕವರು ಭೀಮಾದಿಗಳು. ದುರ್ಯೋಧನನು ಊರಿಗೆ ಮರಳಿ ತಂದೆಯ ಮುಂದೆ ಅದನ್ನೇ ಹೇಳಿಕೊಳ್ಳುವಾಗ, ದ್ರೌಪದಿಯೂ ಹೆಂಗಸರೊಡನೆ ಸೇರಿ ನಕ್ಕಳು ಎನ್ನುತ್ತಾನೆ. ಬಿದ್ದವನ ಕಿವಿಯಲ್ಲಿ ನಗು ಬೆಳೆಯುತ್ತಲೇ ಹೋಗುತ್ತದೆ ಎಂಬುದನ್ನು ಆ ಕವಿ ಬಲ್ಲ. ಹೊರಗಿನಿಂದ ನೋಡಿದವರಿಗೆ ಅದು ತನ್ನಿಂದ ತನಗಾದ ಎಡವಟ್ಟು, ಅವನಿಗೋ ಅದು ಬೇಕೆಂದೇ ಒಡ್ಡಿದ ಬಲೆ. ಯಾರು ಬೀಳಿಸಿದರು ಎಂಬುದರ ಬಗ್ಗೆ ಬಿದ್ದವನಿಗೂ ನಕ್ಕವರಿಗೂ ಒಮ್ಮತವಿಲ್ಲದಾಗ ನಗು ಜಗಳಕ್ಕೆ ತಿರುಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಬ್ಬಗೆಯದು. ರಂಗದ ಮೇಲೆ ಅಥವಾ ತೆರೆಯ ಮೇಲೆ ಬೀಳುವವನು ನಗಿಸಲೆಂದೇ ಬೀಳುತ್ತಾನೆ, ನಮ್ಮ ನಗು ಅವನ ಕೂಲಿ. ಸಂಪಾಜೆಯ ಆಸುಪಾಸಿನಲ್ಲಿ ಯಕ್ಷಗಾನದ ಹಾಸ್ಯಗಾರ ಎಡವಿದಾಗ ಜನ ನಗದಿದ್ದರೆ ಅವನಿಗೆ ಆಗುವುದು ಸಮಾಧಾನವಲ್ಲ, ದುಃಖ. ಬೀದಿಯಲ್ಲಿ ಬಿದ್ದವನು ಅಂಥ ಒಪ್ಪಿಗೆಯನ್ನು ಯಾರಿಗೂ ಕೊಟ್ಟಿಲ್ಲ. ಆದ ನಗುವನ್ನು ತಡೆಯಲಾಗದು, ಅದು ಯೋಚನೆಗಿಂತ ಮುಂಚೆ ಬರುತ್ತದೆ. ಆದರೆ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುವಷ್ಟರಲ್ಲಿ ಯೋಚನೆಗೆ ಬೇಕಾದಷ್ಟು ಸಮಯ ಸಿಕ್ಕಿರುತ್ತದೆ.

ಪ್ರಶ್ನೆ: ತೋಟದಲ್ಲಿ ಸಾಹುಕಾರರು ಯಾರ ಮಾತನ್ನೂ ಕೇಳದೆ ಜೀಪು ಓಡಿಸಿ ಹೂತುಹಾಕಿಕೊಂಡರೆ ಎಲ್ಲರಿಗೂ ನಗು. ಕರಿಮೆಣಸು ಕೊಯ್ಯುವವನು ತಾನೇ ಆಯತಪ್ಪಿ ಏಣಿಯಿಂದ ಬಿದ್ದರೆ ಯಾರಿಗೂ ನಗು ಇಲ್ಲ. ಎರಡೂ ಸ್ವಯಂಕೃತವೇ ಅಲ್ಲವೇ?
(ಕಾಫಿ ಬೆಳೆಗಾರರು, ಸೋಮವಾರಪೇಟೆ)

ಉತ್ತರ: ಎರಡನೆಯದನ್ನು ಸ್ವಯಂಕೃತವೆನ್ನಲು ನಾನು ಒಪ್ಪುವುದಿಲ್ಲ. ಏಣಿ ಹತ್ತುವುದು ಅವನ ಗತ್ತಲ್ಲ, ಹೊಟ್ಟೆಪಾಡು. ಸಿಲ್ವರ್ ಓಕ್ ಮರದ ಎತ್ತರದಿಂದ ಬಿದ್ದರೆ ಸೊಂಟವೋ ಪ್ರಾಣವೋ ಹೋಗುತ್ತದೆ. ನಗೆಗೆ ಬೇಕಾದ ಎರಡು ಅನುಕೂಲಗಳಲ್ಲಿ, ಎಂದರೆ ತಾನೇ ತಂದುಕೊಂಡದ್ದು ಮತ್ತು ಕೇಡಿಲ್ಲದ್ದು ಎಂಬೆರಡರಲ್ಲಿ, ಒಂದೂ ಅಲ್ಲಿಲ್ಲ. ಕೂತ ಕೊಂಬೆಯನ್ನೇ ಕಡಿಯುತ್ತಿದ್ದ ಕಾಳಿದಾಸನ ದಂತಕಥೆಗೆ ನಾವೆಲ್ಲ ನಕ್ಕಿದ್ದೇವೆ, ಏಕೆಂದರೆ ಕಥೆಯ ಕಾಳಿದಾಸ ಬಿದ್ದರೂ ಕವಿಯಾಗಿ ಏಳುತ್ತಾನೆ. ನೆರಳಿನ ಮರಗಳ ಕೊಂಬೆ ಸವರುವ ಕಾಲದಲ್ಲಿ ತೋಟದೊಳಗೆ ಆ ಕಥೆಯನ್ನು ಹೇಳಿ ನೋಡಿ, ಮರದ ಮೇಲಿರುವವನು ನಗುವುದಿಲ್ಲ.

ಸಾಹುಕಾರರ ಜೀಪಿನ ವಿಷಯ ಹೆಚ್ಚು ಸ್ವಾರಸ್ಯದ್ದು. ಮೇಲಿದ್ದವನು ಬಿದ್ದರೆ ದೂರ ಹೆಚ್ಚು, ನಗುವೂ ಹೆಚ್ಚು. ಆದರೆ ಆ ನಗು ಅವರ ಮರ್ಯಾದೆಯನ್ನು ಕಳೆಯಬೇಕೆಂದೇನೂ ಇಲ್ಲ. 1966ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ರಸಪ್ರಶ್ನೆಯ ಅಭ್ಯರ್ಥಿಗಳ ಧ್ವನಿಮುದ್ರಣ ಕೇಳಿಸಿದರು. ಒಬ್ಬ ಅಭ್ಯರ್ಥಿ ಶೇಕಡಾ 92ರಷ್ಟು ಸರಿಯುತ್ತರ ಕೊಡುವ ಜಾಣ, ಇನ್ನೊಬ್ಬ ಶೇಕಡಾ 30ರಷ್ಟು ಮಾತ್ರ ಹೇಳಬಲ್ಲ ಸಾಧಾರಣ. ಕೆಲವು ಮುದ್ರಣಗಳ ಕೊನೆಯಲ್ಲಿ ಅಭ್ಯರ್ಥಿಯು ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡು ಪೇಚಾಡುವ ಸದ್ದಿತ್ತು. ಕಾಫಿ ಚೆಲ್ಲಿಕೊಂಡ ಜಾಣ, ಚೆಲ್ಲಿಕೊಳ್ಳದ ಜಾಣನಿಗಿಂತ ಕೇಳುಗರಿಗೆ ಹೆಚ್ಚು ಮೆಚ್ಚಿಗೆಯಾದ. ಕಾಫಿ ಚೆಲ್ಲಿಕೊಂಡ ಸಾಧಾರಣನ ಮೇಲಿನ ಮೆಚ್ಚಿಗೆ ಮಾತ್ರ ಇನ್ನಷ್ಟು ಇಳಿಯಿತು. ಅಂದರೆ ಜೀಪು ಹೂತುಹಾಕಿದ ಸಾಹುಕಾರರು ಉಳಿದ ದಿನಗಳಲ್ಲಿ ಕೆಲಸ ಬಲ್ಲವರಾಗಿದ್ದರೆ ಆ ನಗುವಿನಿಂದ ಅವರಿಗೆ ಲಾಭವೇ ಆಗಬಹುದು, ಆದರೆ ಕೆಳಗಿಳಿದು ತಾವೂ ನಕ್ಕರೆ. ಜೀಪಿನೊಳಗೇ ಕೂತು ಡ್ರೈವರಿಗೆ ಬೈದರೆ, ತಪ್ಪಿತಸ್ಥ ಬೇರೆಯವನೆಂದು ಸಾಧಿಸಿದಂತಾಗಿ, ಮೊದಲ ಉತ್ತರದಲ್ಲಿ ಹೇಳಿದ ಸಿಟ್ಟಿನ ದಾರಿ ತೆರೆದುಕೊಳ್ಳುತ್ತದೆ.

ನಟರ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ನಮಗೆ ಕೇಡಿಲ್ಲವೆಂದು ತೋರಿದ್ದೆಲ್ಲ ಅವರಿಗೆ ಕೇಡಿಲ್ಲದ್ದಾಗಿರಲಿಲ್ಲ. 1919ರಲ್ಲಿ ಮೂಕಿ ಚಿತ್ರಗಳ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಕೈಯಲ್ಲಿದ್ದ ಬಾಂಬು, ನಟನೆಗಾಗಿ ಇಟ್ಟ ಡಮ್ಮಿ ಎಂದುಕೊಂಡದ್ದು, ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳುಗಳು ಹೋದವು. 1924ರ ಚಿತ್ರವೊಂದರ ಚಿತ್ರೀಕರಣದಲ್ಲಿ ಕೀಟನ್ ಕತ್ತಿನ ಮೂಳೆ ಬಿರುಕುಬಿಟ್ಟದ್ದು ಅವನಿಗೇ ವರ್ಷಗಳ ನಂತರ ತಿಳಿಯಿತು. ಆ ದೃಶ್ಯ ನೋಡಿದವರು ನಕ್ಕದ್ದು ಅವರ ತಪ್ಪಲ್ಲ. ನೋವನ್ನು ಮುಚ್ಚಿಡುವುದೇ ಆ ವೃತ್ತಿಯಾಗಿತ್ತು.

ಪ್ರಶ್ನೆ: ಹಿಂದೆ ಟಾಕೀಸಿನಲ್ಲಿ ಹೊಟ್ಟೆ ಹಿಡಿದು ನಕ್ಕ ಅದೇ ಹಾಸ್ಯ ದೃಶ್ಯಗಳನ್ನು ಈಗ ಮೊಬೈಲಿನಲ್ಲಿ ಒಬ್ಬನೇ ನೋಡಿದರೆ ತುಟಿಯೂ ಅರಳುವುದಿಲ್ಲ. ವಯಸ್ಸಾಯಿತೇ?
(ವರ್ತಕರು, ಗೋಣಿಕೊಪ್ಪಲು)

ಉತ್ತರ: ವಯಸ್ಸಿನ ಮೇಲೆ ಹೊರಿಸಬೇಡಿ. ನಗುವನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಪ್ರೊವೈನ್, ಜನ ಒಂಟಿಯಾಗಿರುವಾಗಿಗಿಂತ ಜೊತೆಯಲ್ಲಿರುವಾಗ ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದು ಕಂಡುಕೊಂಡರು. ಏನೂ ಆಗಿಲ್ಲವೆಂದು ಸುತ್ತಲಿನವರಿಗೆ ಸಾರುವ ಸದ್ದು ನಗುವಾದರೆ, ಸುತ್ತ ಯಾರೂ ಇಲ್ಲದಾಗ ಸಾರುವುದು ಯಾರಿಗೆ? ಭರತನ ನಾಟ್ಯಶಾಸ್ತ್ರ ಹೇಳುವ ಆರು ಬಗೆಯ ನಗುಗಳಲ್ಲಿ ಹಲ್ಲು ತೋರದೆ ಕೆನ್ನೆ ತುಸು ಅರಳುವ ಸ್ಮಿತದಿಂದ ಹಿಡಿದು, ಕಣ್ಣಲ್ಲಿ ನೀರು ತುಂಬಿ ಪಕ್ಕೆಗಳನ್ನು ಕೈಯಿಂದ ಒತ್ತಿಹಿಡಿಯುವ ಅತಿಹಸಿತದವರೆಗೂ ಇದೆ. ಒಬ್ಬರೇ ಕೂತವರಿಗೆ ಸಾಮಾನ್ಯವಾಗಿ ದಕ್ಕುವುದು ಮೊದಲನೆಯದು. ಪರದೆಯ ಗಾತ್ರವೂ ಒಂದು ಕಾರಣ. ಬೀಳುವವನ ಮೈಯನ್ನು ತಲೆಯಿಂದ ಕಾಲಿನವರೆಗೆ ಕಂಡು, ಅವನಿಗಿಂತ ಮೊದಲೇ ನಮಗೆ ಆ ಗುಂಡಿ ಕಾಣಿಸಬೇಕು; ಅಂಗೈಯಗಲದ ಪರದೆಯಲ್ಲಿ ಗುಂಡಿ ನಮ್ಮ ಕಣ್ಣಿಗೂ ಬೀಳದಿದ್ದರೆ ಕಾತರವೇ ಹುಟ್ಟುವುದಿಲ್ಲ. ಅದೇ ದೃಶ್ಯವನ್ನು ಒಂದು ಸಂಜೆ ಟಿವಿಯಲ್ಲಿ ಮನೆಮಂದಿಯೊಡನೆ ಕೂತು ನೋಡಿ. ಆಗಲೂ ಯಾರಿಗೂ ನಗು ಬಾರದಿದ್ದರೆ ದೃಶ್ಯವೇ ಸಪ್ಪೆಯೆಂದು ಧೈರ್ಯವಾಗಿ ತೀರ್ಮಾನಿಸಬಹುದು.